ಮೊದಲು ಯಾವ ದಾರಿ

ಪಿಹ್ಲಾ,
ನಾಳೆಯಿಂದ ಈ ಕುರ್ಚಿ ನಿನ್ನದು.
ಖಾನೆಯಲ್ಲಿ ಹಳದಿ ಚೀಟಿಗಳಿವೆ, ಮೊಂಡು ಪೆನ್ಸಿಲಿದೆ,
ಔಲು ನಗರದ ನಕ್ಷೆಯಿದೆ. ಅದರ ನಡುವೆ ಹರಿದಿರುವುದು
ನದಿಯಲ್ಲ, ನನ್ನ ಕಾಫಿ.
ಸೇತುವೆ ಹುಡುಕಬೇಡ.

ನಾನು ಬಂದ ವರ್ಷ
ನೂರಾ ಹನ್ನೆರಡು ಚೀಟಿ ತಂದಿದ್ದೆ,
ಒಂದೊಂದರ ನೆತ್ತಿಯ ಮೇಲೂ ಕೆಂಪು ಶಾಯಿಯಲ್ಲಿ 'ತುರ್ತು'.
ಹಿಮ ಗೋರುವ ಗಾಡಿಗಳಿಗೆ ದಾರಿ ತೋರುವ ಪರದೆ ಬೇಕಿತ್ತು,
ನಗರಸಭೆಗೆ ವರದಿ ಬೇಕಿತ್ತು, ವರದಿಗೆ ಬಣ್ಣ ಬೇಕಿತ್ತು,
ಎಲ್ಲ ಬೇಕಿತ್ತು, ಎಲ್ಲ ಈಗಲೇ.
ಟೀಮು ಮೇಜಿನ ಸುತ್ತ ಕೂತು ಹೂಂ ಅಂದಿತು.
ಹೂಂ ಅನ್ನಲು ಖರ್ಚಿಲ್ಲ,
ಬಡ್ಡಿ ಆಮೇಲೆ ಬರುತ್ತದೆ.

ಎರಡು ವಾರ, ಮತ್ತೆರಡು ವಾರ.
ಶುಕ್ರವಾರದ ಡೆಮೋದಲ್ಲಿ ಎಲ್ಲವೂ ಅರ್ಧರ್ಧ:
ಅರ್ಧ ನಕ್ಷೆ, ಅರ್ಧ ವರದಿ,
ಒತ್ತಿದರೆ ಎಲ್ಲಿಗೂ ಹೋಗದ ಒಂದು ಚೆಂದದ ಗುಂಡಿ.
ನಾನು ಅವರನ್ನು ನೋಡಿದೆ. ಅವರು ಕಿಟಕಿ ನೋಡಿದರು.
ಹೊರಗೆ ಹಿಮ ಬೀಳುತ್ತಿತ್ತು,
ಯಾರ ಅಂದಾಜನ್ನೂ ಕೇಳದೆ.

ಆಗ ಟೆಸ್ಟರ್ ಔಕುಸ್ತಿ, ವರ್ಷಕ್ಕೆ ನಾಲ್ಕು ಮಾತಾಡುವವನು,
ಆ ವರ್ಷದ ಮೂರನೆಯದನ್ನು ಖರ್ಚು ಮಾಡಿದ:
"ಗಾಡಿ ಓಡಿಸುವವರನ್ನು ಯಾರಾದರೂ ಕೇಳಿದ್ದೇವಾ?"

ಬೆಳಗಿನ ಜಾವ ಮೂರಕ್ಕೆ ರೈಮೋನ ಗಾಡಿ ಹತ್ತಿದೆವು.
ಹೊರಗೆ ಮೈನಸ್ ಇಪ್ಪತ್ತಾರು,
ಒಳಗೆ ಡೀಸೆಲ್ಲು, ಏಲಕ್ಕಿ ಬನ್ನಿನ ವಾಸನೆ.
ಮೊದಲು ಆಸ್ಪತ್ರೆಯ ಏರು ಬಿಡಿಸಿದ. ಆಮೇಲೆ ಬಸ್ಸಿನ ದಾರಿ.
ಆಮೇಲೆ, ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಕಿರುದಾರಿ.
ನಗರಸಭೆಯ ದೊಡ್ಡವರ ಬೀದಿ? ಅಂದೆ.
"ಅವರೇನು ಹೆರಿಗೆಗೆ ಹೊರಟಿದ್ದಾರಾ?" ಅಂದ.
ತಿರುಗಿ ನೋಡಿದರೆ ಗೋರಿದ ದಾರಿ ಆಗಲೇ ಬೆಳ್ಳಗಾಗುತ್ತಿತ್ತು.
ಅವನಿಗೆ ಬೇಸರವಿಲ್ಲ.
ಒಂದಿಷ್ಟು ಜನ ದಾಟಿಕೊಂಡರಲ್ಲ, ಸಾಕು.

ಆಮೇಲೆ ನಮ್ಮ ಪರದೆ. ಅವನ ದಪ್ಪ ಕೈಗವಸು.
ಒತ್ತಿದ, ಒತ್ತಿದ, ಕೊನೆಗೆ ಬಗ್ಗಿ
ಮೂಗಿನಿಂದ ಒತ್ತಿದ.
ನೂರಾ ಹನ್ನೆರಡು ಚೀಟಿಯಲ್ಲಿ ಎಲ್ಲೂ
ಕೈಗವಸು ಎಂಬ ಪದವಿರಲಿಲ್ಲ.
ಮೂಗೂ ಇರಲಿಲ್ಲ.

ಪ್ರಾಡಕ್ಟ್ ಓನರ್ ಅಂದರೆ ಒಡತಿ ಎಂದುಕೊಂಡಿದ್ದೆ, ಪಿಹ್ಲಾ.
ಒಡತಿಯ ಕೆಲಸ ಒಡೆಯುವುದು.
ದೊಡ್ಡದನ್ನು ಒಡೆ; ಒಡೆದ ಒಂದೊಂದು ಚೂರೂ
ಯಾರೋ ಒಬ್ಬರಿಗೆ ನಾಳೆ ಬೆಳಿಗ್ಗೆ ಒದಗುವ ಹಾಗೆ ಒಡೆ.
ಈ ವಾರ ಚಕ್ರ, ಬರುವ ತಿಂಗಳು ಗಾಜು ಅಂದರೆ
ಅದು ಒಡೆದದ್ದಲ್ಲ, ಮುರಿದದ್ದು.
ಯಾವುದು ಮೊದಲು ಎಂದು ಟೀಮು ಕೇಳಿದಾಗ
ಅಡ್ಡಗೋಡೆಯ ಮೇಲೆ ದೀಪ ಇಡಬೇಡ, ಒಂದನ್ನು ತೋರಿಸು.
ತಪ್ಪಿದರೆ ಎರಡು ವಾರದ ತಪ್ಪು,
ಬಾಯಿ ಬಿಡದಿದ್ದರೆ ಇಡೀ ಚಳಿಗಾಲದ್ದು.
ಏನು ಬೇಕು, ಯಾಕೆ ಬೇಕು: ನೀನು ಹೇಳು.
ಹೇಗೆ, ಎಷ್ಟು ದಿನ: ಅವರು ಹೇಳಲಿ.
ಸಾನೆಲ್ಮಾ ಎಂಟು ದಿನ ಅಂದರೆ ಐದಕ್ಕೆ ಕೊಡು ಅನ್ನಬೇಡ,
ನೀನು ಮೀನು ಕೊಳ್ಳುತ್ತಿಲ್ಲ.

ಸ್ಪ್ರಿಂಟಿನ ನಡುವೆ ಮೇಲಿನಿಂದ ಫೋನು ಬರುತ್ತದೆ, ಬಂದೇ ಬರುತ್ತದೆ.
ಒಂದು ಒಳಗೆ ಬರಬೇಕಾದರೆ ಒಂದು ಹೊರಗೆ,
ಯಾವುದು ಅಂತ ಅವರನ್ನೇ ಕೇಳು.
ಆ ಕಡೆಯ ಮೌನ ನನಗೆ ಬಹಳ ಇಷ್ಟ.

ಕೈಗೆ ಸಿಗು. ಒಮ್ಮೆ ಹೆಲ್ಸಿಂಕಿಗೆ ಹೋಗಿ
ಎಂಟು ದಿನ ಮೀಟಿಂಗುಗಳಲ್ಲಿ ಕಳೆದುಹೋದೆ.
ಕೇಳಲು ಯಾರೂ ಇಲ್ಲದೆ, ಊಹೆಯ ಮೇಲೆ
ಅವರು ಬೇಸಿಗೆಗೊಂದು ಹಸಿರು ನಕ್ಷೆ ಕಟ್ಟಿದರು. ಬಲು ಸುಂದರ.
ಬೇಸಿಗೆಯಲ್ಲಿ ಗೋರಲು ಏನಿದೆ?
ತಪ್ಪು ಅವರದಲ್ಲ.

ಚೀಟಿ ಈಗ ನಲವತ್ತೊಂದು. ಉಳಿದವನ್ನು ಹರಿದು ಹಾಕಿದೆ,
ಯಾರೂ ಹುಡುಕಿಕೊಂಡು ಬರಲಿಲ್ಲ.
ಬೇಕರಿಯ ಐಲಿ ಮಾತ್ರ, ಗಾಡಿ ಹೋದ ಮೇಲೆ
ತನ್ನ ಬಾಗಿಲಿಗೆ ಹಿಮದ ದಿಣ್ಣೆ ಉಳಿಯುತ್ತದೆಂದು
ಈಗಲೂ ಬೈಯುತ್ತಾಳೆ. ಉತ್ತರ ನನಗೆ ಹೊಳೆಯಲಿಲ್ಲ,
ಔಕುಸ್ತಿಗೂ.
ಆ ಚೀಟಿ ಎಲ್ಲಕ್ಕಿಂತ ಮೇಲಿದೆ.
ಮೊದಲು ಅದೇ ಅಂತ ನಾನು ಹೇಳುತ್ತಿಲ್ಲ.

ರೈಮೋ ಮೂರಕ್ಕೆ ಹೊರಡುತ್ತಾನೆ.
ಕೈಗವಸು ಮರೆಯಬೇಡ.