ಲೋಪಸಂಧಿ

ಫೋರ್ಟಿನ ಗಲ್ಲಿಯೊಂದರಲ್ಲಿ, ಟೈಪಿಂಗ್ ಕ್ಲಾಸಿನ ಹಿಂದೆ,
ಹದಿನಾಲ್ಕು ಮೆಟ್ಟಿಲಿಳಿದರೆ ನಮ್ಮ ಲ್ಯಾಬು.
ಕೆಂಪು ದೀಪ ಸಿನಿಮಾದವರ ಕಲ್ಪನೆ;
ಬಣ್ಣದ ಫಿಲ್ಮಿಗೆ ಅದೂ ಆಗದು.
ಗಡಿಯಾರದ ಹಸಿರು ಮುಳ್ಳಿನ ಮೇಲೂ
ಖೋರ್ಶೆದ್‌ಬಾಯಿ ಕರಿ ಪಟ್ಟಿ ಬಡಿದಿದ್ದಳು.

ಕೆಲಸ ಇಷ್ಟೇ. ಡಬ್ಬಿಯ ಮುಚ್ಚಳ ಮೀಟಿ,
ಸುರುಳಿ ಎಳೆದು, ತುದಿ ನೇರ ಮಾಡಿ,
ಒಬ್ಬರ ಬಾಲಕ್ಕೆ ಇನ್ನೊಬ್ಬರ ತಲೆ ಅಂಟಿಸುವುದು.
ಬೈಕುಲ್ಲಾದ ತೊಟ್ಟಿಲಶಾಸ್ತ್ರಕ್ಕೆ ಮಾಹಿಮ್‌ನ ಶವಪೆಟ್ಟಿಗೆ,
ಅದರ ಬೆನ್ನಿಗೆ ವಿಮೆಯವನ ಸುಟ್ಟ ಗೋದಾಮು.
ರಾತ್ರಿಗೆ ನೂರೈವತ್ತು ರೋಲು, ಒಂದೇ ಹಾವು,
ಔಷಧದ ತೊಟ್ಟಿಗೆ ಇಳಿಯುತ್ತದೆ.
ಬೆಳಗಾಗುವ ತನಕ ಎಲ್ಲರೂ ಬೀಗರು.

"ಮಗ್ಗುಲು ತಿಳಿಯದಿದ್ದರೆ ತುಟಿಗೆ ತಾಗಿಸು, ದೀಕ್ರಾ.
ನಯದ್ದು ಜಾರುತ್ತದೆ.
ಚಿತ್ರ ಹಿಡಿದದ್ದು ಸಣ್ಣಗೆ ಅಂಟುತ್ತದೆ.
ಟೇಪು ಜಾರುವ ಕಡೆಗೆ.
ಅಂಟುವ ಕಡೆ ಬೆರಳಿಟ್ಟೆಯೋ, ಬೆರಳೇ ಕತ್ತರಿಸುತ್ತೇನೆ."

ಉಕ್ಕಿನ ಕಟ್ಟೆಯ ಮೇಲೆ ಮೊಳೆಗಳ ಸಾಲು.
ಫಿಲ್ಮಿನ ತೂತುಗಳು ಅದರಲ್ಲಿ ಕೂತದ್ದು
ಕಿವಿಗೆ ಕೇಳದು, ಬೆರಳಿಗೆ ಗೊತ್ತು.
ಆಮೇಲೆ ಅಲಗು. ಆಮೇಲೆ ಪಟ್ಟಿ. ಕಾದ ಇಕ್ಕಳದ ಒತ್ತು.
ಎಳೆದು ನೋಡು. ತೊಟ್ಟಿಯೊಳಗೆ ಬಿಚ್ಚಿಕೊಂಡರೆ
ನೂರೈವತ್ತು ಮನೆ ಮುಳುಗಿದಂತೆ.

ಆರರಿಂದ ಒಂಬತ್ತು ಕನ್ನಡ ರಾತ್ರಿಶಾಲೆ.
ಉಡುಪಿ ಹೋಟೆಲಿನ ಹುಡುಗರ ನಡುವೆ
ಅಕ್ಕಲಕೋಟೆಯ ನಾನೊಬ್ಬ.
ಅವರ ಕೈಗೆ ಸಾಂಬಾರಿನ ವಾಸನೆ, ನನ್ನದಕ್ಕೆ ಔಷಧದ್ದು.
ಹೆಬ್ಬಳ್ಳಿ ಮಾಸ್ತರು ಬೋರ್ಡಿಗೆ ಬರೆದರು:
ಊರು ಕೂಡಿಸು ಅಲ್ಲಿ, ಊರಲ್ಲಿ.
"ಉಕಾರ ಎಲ್ಲಿ ಹೋಯಿತು?"
"ಬಿತ್ತು, ಸಾರ್."
"ಯಾಕೆ ಬಿತ್ತು?"
ಯಾರೂ ಬಾಯಿ ಬಿಡಲಿಲ್ಲ. ನನಗೆ ಗೊತ್ತಿತ್ತು.
ಟೇಪಿಗೆ ಅರ್ಧ ಇಂಚು ಬೇಕು.

ಮೂವತ್ತಾರರ ರೋಲಿನಿಂದ ಮೂವತ್ತೇಳು ಹಿಂಡುವ ಊರು ಇದು.
ಸನ್ನೆ ಬಿಗಿದು ನಿಲ್ಲುವ ತನಕ ಇನ್ನೊಂದು, ಇನ್ನೊಂದು.
ಆ ಕೊನೆಯದು ಬರುವುದು ನನ್ನ ಅಲಗಿನಡಿಗೆ.
ಮುಖವೋ ಗೋಡೆಯೋ, ತುಟಿಗೂ ತಿಳಿಯದು.
ಬೆಳಿಗ್ಗೆ ಬೆಸುಗೆಗಳನ್ನಷ್ಟೇ ಕೊಯ್ದು ಗೋಣಿಗೆ ಎಸೆಯುತ್ತಾರೆ.

ಗಿರಗಾಂವ್‌ನ ಸುಹಾಸಿನಿ ಖಾನೋಲ್ಕರ್ ಒಂದು ದಿನ ಬಂದು
ಕೌಂಟರಿನ ಮೇಲೆ ಲಕೋಟೆ ಸುರಿದಳು.
"ಮೂವತ್ತಾರೂ ತೆಗೆದದ್ದು ನಾನು.
ಅತ್ತೆ, ಗಂಡ, ನಾದಿನಿಯ ಗಂಡ, ಅವನ ಹೊಸ ಸ್ಕೂಟರು.
ಕೊನೆಯದನ್ನು ಮಗಳು ಕಸಿದುಕೊಂಡು ತೆಗೆದಳು.
ಅದರಲ್ಲಿ ನಾನಿದ್ದೆ."
ಪಟ್ಟಿಯ ಅಂಚಿಗೆ ಮೊಣಕೈ ಒಂದಿತ್ತು,
ಒಂದೂವರೆ ಬಳೆ. ಉಳಿದವಳು ಇರಲಿಲ್ಲ.

ಮೂರು ದಿನ ಗೋಣಿ ಸೋಸಿದೆ.
ಅಂಚಿನಂಕಿ ನೋಡಿ ಹುಡುಕೋಣವೆಂದರೆ
ಎಲ್ಲ ಬಾಲಗಳ ಅಂಕಿಯೂ ಒಂದೇ.
ಕೊನೆಗೆ ಕಂಡದ್ದು ಉಳಿದರ್ಧ ಬಳೆ,
ಯಾರದೋ ಕಪ್ಪು ತಲೆಗೆ ಅಂಟಿಕೊಂಡು.

ಹನಿ ಪೆಟ್ರೋಲು ಬಿಟ್ಟು ಟೇಪು ಎಬ್ಬಿಸಿ,
ಇದೊಂದು ಬಾರಿ ದೀಪ ಹಚ್ಚಿಕೊಂಡು ಜೋಡಿಸಿದೆ.
ಬೆಳಕಿನಲ್ಲಿ ನನ್ನ ಕೈ ನಡುಗಿತು,
ಯಾರೋ ಹೊಸಬನ ಕೈಯಂತೆ.
ತುದಿಗೆ ತುದಿ, ಮೇಲೆ ಹಾಯದಂತೆ.
ಕೂದಲಿನಷ್ಟು ಸಂದು ಉಳಿಯಿತು;
ಪ್ರಿಂಟಿನಲ್ಲಿ ಅದು ಕಪ್ಪು ಗೆರೆ,
ಹೆಗಲಿನಿಂದ ಸೊಂಟದವರೆಗೆ.

ಖಾನೋಲ್ಕರ್ ಬಾಯಿ ಕಿಟಕಿಯ ಕಡೆ ಹಿಡಿದು ನೋಡಿದಳು.
"ಅಯ್ಯ, ಕಣ್ಣು ಮುಚ್ಚಿದ್ದೇನಲ್ಲ!"
ಗೆರೆಯ ಮಾತು ಎತ್ತಲಿಲ್ಲ.
"ಇರಲಿ. ಎರಡು ಕಾಪಿ."

ಖೋರ್ಶೆದ್‌ಬಾಯಿ ಆ ಮೂರು ದಿನವನ್ನು
ನನ್ನ ಪಗಾರದಿಂದ ಕಳೆದಳು. ಲೋಪ.

ಈಗ ಆ ನೆಲಮನೆಯ ತುಂಬ ಮೊಬೈಲಿನ ಕವರು.
ಉಕ್ಕಿನ ಕಟ್ಟೆ ಕಳವಾದ ನಮ್ಮ ಖೋಲಿಯಲ್ಲಿದೆ;
ಹೆಂಡತಿ ಅದರ ಮೊಳೆಗಳಿಗೆ ಹೇರ್‌ಬ್ಯಾಂಡ್ ಸಿಕ್ಕಿಸುತ್ತಾಳೆ.
ಕರೆಂಟು ಹೋದ ರಾತ್ರಿ ಕೈಗೇನು ಸಿಕ್ಕರೂ,
ಬಿಲ್ಲೋ, ಪಾಸೋ, ಮಾತ್ರೆಯ ಹಾಳೆಯೋ,
ಮೊದಲು ತುಟಿಗೆ ಒತ್ತುತ್ತೇನೆ.