ಮೊದಲು ಉಪ್ಪು

ಡೇವನ್‌ಪೋರ್ಟಿನಲ್ಲಿ ಸಂಜೆ ಆರೂವರೆ.
ಮಿಸಿಸಿಪ್ಪಿಯ ಸೇತುವೆ ದಾಟುತ್ತಿದೆ ಉದ್ದದ ಗೂಡ್ಸು ಗಾಡಿ.
ಬೇಲಿಗೆ ಒರಗಿ ಡಬ್ಬಿ ಎಣಿಸುತ್ತಿದ್ದ ಎಲ್ಪಿಡಿಯೊ ಮಾರ್ತೆ,
ಎಪ್ಪತ್ತಕ್ಕೆ ಬಂದಿದ್ದ.
ಒಳಗಿನಿಂದ ಕರೆದರು. ಎಣಿಕೆ ಅಲ್ಲಿಗೇ ಬಿತ್ತು.

ಇವತ್ತು ಅವನ ಕೆಲಸ ಇಷ್ಟೇ:
ಮೊದಲ ಇನ್ನಿಂಗ್ಸು, ಮೊದಲ ಮೂವರು, ಮೂರು ಔಟು.
ಆಮೇಲೆ ಬಂದ ದಾರಿಗೆ ಸುಂಕವಿಲ್ಲ.

ಹೋದ ವಾರದವರೆಗೆ ಅವನು ಕಟ್ಟಕಡೆಯವನು,
ಎಲ್ಲರೂ ಎದ್ದ ಮೇಲೆ ದೀಪ ಆರಿಸಿ
ಬೀಗ ಜಡಿಯುವ ಹುಡುಗ.
ಈಗ ಅದೇ ಕೈಗೆ ಬಾಗಿಲು ತೆಗೆ ಅಂದಿದ್ದಾರೆ.
ಕೀಲಿ ಹಳೆಯದೇ, ತಿರುವುವ ದಿಕ್ಕು ಬೇರೆ.

ಲೆಕ್ಕ ಮಾರ್ಗಿಟ್ ಸೋರೆನ್‌ಸನ್‌ಳದು.
ಜೀವಮಾನದಲ್ಲಿ ಒಂದು ಚೆಂಡು ಎಸೆದವಳಲ್ಲ,
ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಮೂರು ಋತುಗಳನ್ನು
ಅಕ್ಕಿಯಂತೆ ಆರಿಸಿದ್ದಾಳೆ.
'ಅವರ ಮೊದಲ ಮೂವರೇ ಗಟ್ಟಿ ಕುಳಗಳು.
ಡ್ವೇನ್ ಅವರನ್ನು ಮೊದಲ ಸುತ್ತು ಗೆಲ್ಲುತ್ತಾನೆ,
ಎರಡನೆಯದರಲ್ಲಿ ಸಮ ಸಮ,
ಮೂರನೆಯದರಲ್ಲಿ ಅವನ ಮಣಿಕಟ್ಟನ್ನು ಅವರು
ಗೋಡೆಯ ಕ್ಯಾಲೆಂಡರಿನ ಹಾಗೆ ಓದುತ್ತಾರೆ.
ಒಂದು ಸುತ್ತು ಬೇರೆಯವನ ಪಾಲಿಗಿರಲಿ.'
ತಪ್ಪು ಹುಡುಕಿದರು. ಸಿಗಲಿಲ್ಲ.
ಸಿಕ್ಕಿದ್ದರೆ ಎಲ್ಲರಿಗೂ ಸುಖವಿತ್ತು.

ಡ್ವೇನ್ ಕ್ರಚ್‌ಫೀಲ್ಡನಿಗೆ ಮೂವತ್ತಾರು.
ಹದಿನಾಲ್ಕು ವರ್ಷ, ಐದು ದಿನಕ್ಕೊಮ್ಮೆ,
ಆಟ ಹುಟ್ಟಿದ್ದು ಅವನ ಬೆರಳ ತುದಿಯಲ್ಲಿ.
ಆ ದಿನ ಅವನನ್ನು ಯಾರೂ ಮಾತಾಡಿಸುವಂತಿಲ್ಲ.
ಎಡಗಾಲಿನ ಕಾಲುಚೀಲ ಮೊದಲು. ಸ್ಯಾಂಡ್‌ವಿಚ್ಚು ಅರ್ಧ ಮಾತ್ರ.
ಎಲ್ಲಕ್ಕಿಂತ, ಯಾರೂ ತುಳಿಯದ ದಿಬ್ಬದ ಮಣ್ಣು.
ಕಾಲೂರಿದಲ್ಲಿ ಬೀಳುವ ಮೊದಲ ಗುಳಿ ಅವನದಾಗಬೇಕು.

ಇವತ್ತೂ ಅವನನ್ನು ಯಾರೂ ಮಾತಾಡಿಸಲಿಲ್ಲ.
ಆದರೆ ಅದು ಬೇರೆ ಮೌನ.

ಮೊದಲನೆಯವ ಗಾಳಿಗೆ ಬೀಸಿ ಹೋದ.
ಎರಡನೆಯವ ನೆಲಕ್ಕೆ ತಟ್ಟಿ ಓಡಿ ಸೋತ.
ಮೂರನೆಯವ ನಾಲ್ಕು ಕೆಟ್ಟ ಚೆಂಡು ಬಿಟ್ಟು
ಸಂತೆಗೆ ಹೋಗುವವನಂತೆ ಮೊದಲ ಬೇಸಿಗೆ ನಡೆದ.
ನಾಲ್ಕನೆಯವನ ಹೆಸರು ಯೋಜನೆಯಲ್ಲಿರಲಿಲ್ಲ.
ಮೇಲೆ ಮಾರ್ಗಿಟ್ ಪೆನ್ನಿನ ಮುಚ್ಚಳ ಕಚ್ಚಿದಳು.
ಅವನ ಏಟು ನದಿಯ ಕಡೆ ಏರಿ, ಏರಿ,
ಗಾಳಿ ಏನೋ ನೆನೆದು ಹಿಂದಕ್ಕೆ ಕೊಟ್ಟಿತು, ಕೈಚೀಲದೊಳಕ್ಕೆ.
ಹತ್ತೊಂಬತ್ತು ಚೆಂಡು. ಮುಗಿಯಿತು.

ಮುಗಿದ ಮೇಲೆ ಅವನು ಇಳಿಯಲಿಲ್ಲ.
ತನ್ನ ಕಾಲಿನ ಗುಳಿಗೆ ಬೂಟಿನ ಅಂಚಿನಿಂದ ಮಣ್ಣೆಳೆದು
ತಟ್ಟಿ, ಸವರಿ, ಮಟ್ಟ ಮಾಡಿದ.
ಸಮುದ್ರದಾಚೆ ಲಾಸ್ ಸಲಿನಾಸಿನಲ್ಲಿ ಅವನಪ್ಪ
ಮರದ ಹಲುಬೆಯಲ್ಲಿ ಉಪ್ಪಿನ ಮಡಿ ಎಳೆಯುವುದು ಹೀಗೇ,
ಬೆನ್ನು ಇಷ್ಟೇ ಬಾಗಿ.

ಏನು ಫಲ? ಎದುರು ತಂಡದ ದಾಂಡಿಗ ಎಸೆತಗಾರ
ಅರ್ಧ ಇನ್ನಿಂಗ್ಸಿನಲ್ಲಿ ಅದೇ ಜಾಗವನ್ನು
ಕೋಳಿ ಕೆದರಿದ ಹಾಗೆ ಮಾಡಿ ಹೋದ.
ಆದರೆ ಬೇಲಿಯಾಚೆ ತೋಳು ಬಿಸಿ ಮಾಡಿಕೊಳ್ಳುತ್ತಿದ್ದ ಡ್ವೇನ್
ನೋಡಿದ್ದ.
ಎರಡನೆಯ ಇನ್ನಿಂಗ್ಸಿಗೆ ಬಂದವನು ಬೇರೆಯವರ ಗುಳಿಯೊಳಗೆ
ಕಾಲಿಟ್ಟು, ಒಮ್ಮೆ ಒತ್ತಿ ನೋಡಿ,
ಸುಮ್ಮನೆ ಎಸೆಯತೊಡಗಿದ.

ಎಲೆಯ ಮೇಲೆ ಮೊದಲು ಬೀಳುವುದು ಉಪ್ಪು.
ಬಡಿಸಿದವನ ಮುಖವನ್ನು ಯಾರೂ ನೋಡುವುದಿಲ್ಲ,
ಪಾಯಸದವನು ಬರುವ ಹೊತ್ತಿಗೆ ಅವನು
ಹಿತ್ತಿಲಲ್ಲಿ ಕೈ ತೊಳೆಯುತ್ತಿರುತ್ತಾನೆ.

ನಾಲ್ಕು-ಎರಡು. ಗೆಲುವು ಡ್ವೇನನ ಖಾತೆಗೆ:
ಆರು ಇನ್ನಿಂಗ್ಸು, ಮೂರನೆಯ ಸಲ ಆ ಮೂವರ ಸರದಿ ಬರುವ ಮೊದಲೇ
ಚೆಂಡು ಒಪ್ಪಿಸಿ ಇಳಿದ.
ಎಲ್ಪಿಡಿಯೊನ ಸಾಲಿನಲ್ಲಿ: ಆರಂಭ ಒಂದು.
ಮುಂದೆ ಸೊನ್ನೆ, ಸೊನ್ನೆ.

ರಾತ್ರಿ ಫೋನಿನಲ್ಲಿ ಅಪ್ಪ:
'ಎಷ್ಟು ಎಸೆದೆ?'
'ಹತ್ತೊಂಬತ್ತು.'
'ಅಷ್ಟಕ್ಕೂ ಸಂಬಳ ಕೊಡ್ತಾರಾ?'
'ಕೊಡ್ತಾರೆ.'
'ಮಿಕ್ಕ ಹೊತ್ತು ಏನು ಮಾಡಿದೆ?'
'ನೋಡ್ತಾ ಕೂತಿದ್ದೆ.'
ಅಪ್ಪ ಸ್ವಲ್ಪ ಯೋಚಿಸಿದ. ಅಲ್ಲಿ ಗಾಳಿಯ ಸದ್ದು.
'ಉಪ್ಪೂ ಹಾಗೇ,' ಅಂದ, 'ಎಳೆದ ಮೇಲೆ ನೋಡ್ತಾ ಕೂರೋದೇ.'

ಸೇತುವೆಯ ಮೇಲೆ ಇನ್ನೊಂದು ಗೂಡ್ಸು.
ಅವನು ಒಂದರಿಂದ ಶುರು ಮಾಡಿದ.