ಅಕರ್ಮಕ ಕ್ರಿಯಾಪದ

ಅಮ್ಮತ್ತಿ ರಸ್ತೆಯ ತೋಟಕ್ಕೆ ನಾನು ರೈಟರ್.
ಬರೆಯುವುದು ಇಷ್ಟೇ: ಯಾರು ಬಂದರು, ಯಾರು ಇಲ್ಲ,
ಎಷ್ಟು ಕಿಲೋ, ಎಷ್ಟು ಮುಂಗಡ, ಯಾರ ಕತ್ತಿ ಕಳೆಯಿತು.
ಮೊನ್ನೆಯಿಂದ ಮೇಜಿನ ಮೇಲೊಂದು ಹಾಳೆ.
ಹೆಸರು: ಎರವರ ಕರ್ಪ. ವಯಸ್ಸು: ಅಂದಾಜು ನಲವತ್ತು.
ಸ್ಥಳ: ಏಳನೇ ಬ್ಲಾಕು, ಕೆರೆಯ ಮೇಲಿನ ಸಿಲ್ವರ್ ಮರ.
ಕಾರಣ:

ಎರಡು ಚುಕ್ಕಿ ಇಟ್ಟು ಪೆನ್ನು ನಿಂತಿದೆ.

ಮೆಣಸು ಕೊಯ್ಯುವಾಗ ಹನ್ನೆರಡನೇ ಗೂಟ ಮುರಿದು
ಬಿದ್ದ. ಸೊಂಟ.
ಹೊಟ್ಟೆಗೆ ಕಟ್ಟಿದ ಚೀಲ ಕಟ್ಟಿದಂತೇ ಇತ್ತು,
ಒಂದು ಕಾಳೂ ಚೆಲ್ಲಲಿಲ್ಲ ಅಂದರು ಎಲ್ಲರೂ,
ಅದೇನೋ ಸಮಾಧಾನದ ಸಂಗತಿ ಎಂಬಂತೆ.

ನಮ್ಮಪ್ಪ ಇದ್ದಿದ್ದರೆ ಒಂದೇ ಮಾತು: ಮಾಡಿದ್ದುಣ್ಣೋ ಮಹಾರಾಯ.
ಕರು ಸತ್ತರೂ ಅದೇ, ಅತ್ತೆಯ ಗಂಡ ಓಡಿಹೋದರೂ ಅದೇ.
ತಮ್ಮ ಕಾಲಿಗೆ ಸಕ್ಕರೆ ಹುಣ್ಣಾದಾಗ ಮಾತ್ರ
"ನಾನೇನು ಮಾಡಿದ್ದೆನೋ" ಅಂತ
ಗೋಡೆಯನ್ನು ಕೇಳಿದರು.

ಸಾಹುಕಾರರ ತಾಯಿ ಚಿಣ್ಣವ್ವನಿಗೆ ಈ ಲೆಕ್ಕವೇ ಒಪ್ಪಿಗೆಯಿಲ್ಲ.
"ಹಿಂದಿನ ಜನ್ಮವಂತೆ! ನಮ್ಮಲ್ಲಿ ಸತ್ತವರು
ಮತ್ತೆ ಹುಟ್ಟಲಿಕ್ಕೆ ಎಲ್ಲಿಗೂ ಹೋಗುವುದಿಲ್ಲ.
ಕೈಮಡದಲ್ಲೇ ಇರ್ತಾರೆ, ಕಾರಣ ಆಗಿ.
ವರ್ಷಕ್ಕೊಮ್ಮೆ ಕೋಳಿ, ಸಾರಾಯಿ. ಹಸಿದರೆ ಅವರೇ ತಿಳಿಸ್ತಾರೆ."
ಅವರ ಕಾರಣ ಬೇರೆ, ನನ್ನ ಹಾಳೆಯ ಕಾರಣ ಬೇರೆ.
ಆದರೂ ಆ ಖಾಲಿ ಜಾಗದಲ್ಲಿ ಯಾರೋ ಹಿರಿಯರು ಕೂತು
ನನ್ನನ್ನೇ ನೋಡುತ್ತಿರುವ ಹಾಗಾಯಿತು.

ಮೆಣಸು ತೂಗಲು ಬಂದ ಮೊಯಿದು
"ಎಲ್ಲ ಪಡೆದವನು ಬರೆದದ್ದು" ಎಂದು ಬೆರಳು ಮೇಲೆತ್ತಿದ.
ಅದೇ ಬೆರಳಲ್ಲಿ ಮುರಿದ ಗೂಟ ಕೆರೆದು, ಪುಡಿ ಮೂಸಿ,
"ಕುಟ್ಟೆ ಹಿಡಿದಿದೆ ರೈಟರೇ.
ಇದನ್ನ ಅವನು ಬರೆದಿರಲಿಕ್ಕಿಲ್ಲ."

ಆಸ್ಪತ್ರೆಯಲ್ಲಿ ಸಿಸ್ಟರ್ ಬ್ರಿಜಿತ್ತಾ
ಬೆಡ್‌ಪ್ಯಾನ್ ತೊಳೆದು ಬಂದು, ಕೈ ಒರೆಸುತ್ತ
ಚೋಮಿಗೆ ಹೇಳಿದರು: "ಇದು ಇವನ ಪಾಪವೂ ಅಲ್ಲ,
ಹೆತ್ತವರದ್ದೂ ಅಲ್ಲಮ್ಮ."
ಪಾಪ ಅಂತ ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ.
ಚೋಮಿ ಆಗ ಯೋಚಿಸತೊಡಗಿದಳು.

ನಾನು ಡಿಸೆಂಬರಿನಲ್ಲೇ ಬರೆದಿದ್ದೆ:
ಏಣಿ ಎರಡು, ಹಳೆಯದು, ಬದಲಿಸಬೇಕು.
ಸಾಹುಕಾರರು ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ.
ಜನವರಿಗೆ ಹೊಸ ಪುಸ್ತಕ ಬಂತು,
ಆ ಸಾಲು ಹಳೆಯದರಲ್ಲಿ ಉಳಿಯಿತು.
ನನಗೆ ಗೊತ್ತಿರುವ ಪೂರ್ವಜನ್ಮ ಅದೊಂದೇ:
ಬೀರುವಿನ ಕೆಳಗಿನ ಖಾನೆ, ನೀಲಿ ರಟ್ಟು.

ಮೂರ್ನಾಡಿನ ಶಾಲೆಯಲ್ಲಿ ಉತ್ತಪ್ಪ ಮೇಷ್ಟ್ರು
ಬೆತ್ತದಿಂದ ಮೇಜು ಕುಟ್ಟಿ ಕಲಿಸಿದ ವ್ಯಾಕರಣ
ಇಷ್ಟು ವರ್ಷಕ್ಕೆ ಈಗ ಬಂದು ಕೂತಿದೆ:
ಏನನ್ನು ಅಂತ ಕೇಳು. ಉತ್ತರ ಸಿಕ್ಕರೆ ಅದು ಕರ್ಮ.
ಸಿಗದಿದ್ದರೆ ಕ್ರಿಯಾಪದ ಅಕರ್ಮಕ.
ಮಲಗಿದನು. ಓಡಿದನು. ಬಿದ್ದನು.

ಕರ್ಪನು ಬಿದ್ದನು.
ಏನನ್ನು?
ಅವನ ವಾಕ್ಯದಲ್ಲಿ ಕರ್ಮವೇ ಇಲ್ಲ, ಮೇಷ್ಟ್ರೇ.

ಇನ್ನೊಂದು ವಾಕ್ಯವಿದೆ: ಏಣಿಯನ್ನು ಬದಲಿಸಲಿಲ್ಲ.
ಕರ್ಮ ಇದೆ, ದ್ವಿತೀಯಾ ವಿಭಕ್ತಿ ತೊಟ್ಟು ಎದ್ದು ಕಾಣುತ್ತಿದೆ.
ಕರ್ತೃ ಮಾತ್ರ ಕಾಣೆ.
ಕನ್ನಡದಲ್ಲಿ ಹಾಗೆ ಬಿಟ್ಟರೂ ತಪ್ಪಲ್ಲ,
ಪೂರ್ತಿ ಅಂಕ ಕೊಡುತ್ತಿದ್ದರು.

ಭಾನುವಾರ ಕಿತ್ತಳೆ ಒಯ್ದೆ. ಕರ್ಪ
ಚಾವಣಿ ನೋಡುತ್ತ ಮಲಗಿದ್ದ. ಯಾಕೆ ಹೀಗಾಯಿತು,
ಯಾರಿಂದ, ಯಾವ ದೈವ, ಏನನ್ನೂ ಕೇಳಲಿಲ್ಲ.
"ರೈಟರೇ, ಅವತ್ತು ಅರ್ಧ ದಿನ ಹಾಕಿದಿರಾ?"
ಪೂರ್ತಿ ಹಾಕಿದ್ದೇನೆ ಅಂದೆ.
ಹಾಕಿರಲಿಲ್ಲ.

ಬಸ್ಸಿಳಿದು, ಕತ್ತಲಲ್ಲೇ ತಡವಿ ಆಫೀಸಿನ ಬೀಗ ತೆಗೆದೆ.
ಮೊದಲು ಹಾಜರಿ: ಕರ್ಪ, ಒಂದು ದಿನ.
ಆಮೇಲೆ ಆ ಹಾಳೆ. ಎರಡು ಚುಕ್ಕಿಯ ಮುಂದೆ
ನಾನು
ಅಂತ ಬರೆದಿದ್ದೇನೆ.
ಬಲ್ಬಿಗೆ ಹುಳ ಬಡಿಯುತ್ತಿವೆ.
ಉಳಿದಿರುವುದು ಎರಡೇ ಪದ.